ಇಲಿ ಬಿದ್ದಾಗ ನಾವು ಓದಿದ್ದೇನು?

2025ರ ಜುಲೈ ಮೊದಲ ವಾರ. ಅಪ್ಪ ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಅಮ್ಮನಿಗೂ ಸರಿಯಾಗಿ ಹೇಳದೆ, ಹಾಸನ ಜಿಲ್ಲೆಯ ನಮ್ಮೂರಿನಿಂದ ಮೈಸೂರಿನ ಬಸ್ಸು ಹತ್ತಿದ್ದರು. ನನ್ನ ಫೋನ್ ಬಡಿದುಕೊಂಡಾಗ ಗಂಟೆ ಏಳೂ ಆಗಿರಲಿಲ್ಲ. ಆಸ್ಪತ್ರೆಯ ಮುಂದಿನ ಸಾಲಿನಲ್ಲಿ ನಿಂತಿದ್ದೇನೆ, ಇಸಿಜಿ ಮಾಡಿಸಬೇಕು, ಮುಂದೆ ಇನ್ನೂರು ಜನ ಇದ್ದಾರೆ ಅಂದರು. ಎದೆ ನೋವಾ ಅಂತ ಗಾಬರಿಯಲ್ಲಿ ಕೇಳಿದೆ. ನೋವೇನೂ ಇಲ್ಲ ಅಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಇಂಜೆಕ್ಷನ್ ಹಾಕ್ಸಿದ್ದು ನೀನೇ ಅಲ್ವಾ ಮಗಾ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಆ ದಿನಗಳು ಓದುಗರಿಗೆ ನೆನಪಿರಬಹುದು. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತು. ಹೊಸ ಸಾವು ಬಂದಾಗಲೆಲ್ಲ ಪರದೆಯ ಮೂಲೆಯ ಅಂಕಿ ಕ್ರಿಕೆಟ್ ಸ್ಕೋರಿನಂತೆ ಮೇಲೇರುತ್ತಿತ್ತು. ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟದ್ದೂ ಒಂದು ಕಾರಣವಿರಬಹುದು ಎಂದು ಜುಲೈ 1ರಂದು ಮುಖ್ಯಮಂತ್ರಿಗಳು ಬರೆದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ ಅಧ್ಯಯನಗಳನ್ನು ಮುಂದಿಟ್ಟು ಅದನ್ನು ಅಲ್ಲಗಳೆಯಿತು. ರಾಜ್ಯವೇ ನೇಮಿಸಿದ್ದ ತಜ್ಞರ ಸಮಿತಿಯೂ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣುವುದಿಲ್ಲ ಎಂದೇ ಹೇಳಿತು. ಆದರೆ ಅಷ್ಟರಲ್ಲಿ ಜನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದರು. ಅವರಲ್ಲಿ ಐವತ್ತೆಂಟರ ನನ್ನಪ್ಪನೂ ಒಬ್ಬರು.

ನಾನು ಆಗ ಹಾಸ್ಟೆಲಿನ ಕೋಣೆಯಲ್ಲಿ ಪ್ರಬಂಧದ ಒಂದು ಅಧ್ಯಾಯ ಬರೆಯುತ್ತಾ ಕೂತಿದ್ದೆ. ವಿಷಯ ಕನ್ನಡ ಕಾದಂಬರಿಯಲ್ಲಿ ಸಾಂಕ್ರಾಮಿಕ ರೋಗ. ಆ ತಿಂಗಳು ಮೇಜಿನ ಮೇಲಿದ್ದದ್ದು ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'. ಅಪ್ಪನ ಫೋನ್ ಬಂದ ಮೇಲೆ ಬರೆದಷ್ಟನ್ನು ಪಕ್ಕಕ್ಕಿಟ್ಟು ಕಾದಂಬರಿಯನ್ನು ಮತ್ತೆ ಮೊದಲಿನಿಂದ ಓದಿದೆ. ಈ ಲೇಖನ ಆ ಓದಿನ ಫಲ.

1965ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಮಗೆ ಹೇಗೆ ಕಲಿಸಲಾಗಿದೆ ಎಂಬುದು ಎಲ್ಲರಿಗೂ ಗೊತ್ತು. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಭ್ರಷ್ಟ ನಾರಣಪ್ಪ ಸಾಯುತ್ತಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಪಂಡಿತ ಪ್ರಾಣೇಶಾಚಾರ್ಯನಲ್ಲಿ ಉತ್ತರವಿಲ್ಲ. ಹೆಣ ಕೊಳೆಯುತ್ತದೆ, ಪ್ಲೇಗು ಹಬ್ಬುತ್ತದೆ. ಎಂ.ಎ. ತರಗತಿಯಲ್ಲಿ 'ಪ್ಲೇಗು ಕೊಳೆತ ಬ್ರಾಹ್ಮಣ್ಯದ ರೂಪಕ' ಎಂದು ನಾನೂ ಬರೆದಿದ್ದೆ, ಒಳ್ಳೆಯ ಅಂಕವೂ ಬಂತು. ನಮ್ಮ ಬ್ಯಾಚಿನ ಹೆಚ್ಚು ಕಡಿಮೆ ಎಲ್ಲರೂ ಬರೆದದ್ದು ಅದನ್ನೇ. ಕಮೂವಿನ 'ದಿ ಪ್ಲೇಗ್' ನಾಜಿ ಆಕ್ರಮಣದ ರೂಪಕ, 'ಸಂಸ್ಕಾರ'ದ ಪ್ಲೇಗು ಜಾತಿಯ ರೂಪಕ. ಪ್ಲೇಗು ಪ್ಲೇಗೇ ಆಗಿರಬಹುದು ಎಂದು ನಮಗೆ ಹೊಳೆಯಲಿಲ್ಲ.

ಈ ಸಲ ಓದುವಾಗ ನಾನು ಇಲಿಗಳನ್ನು ಮಾತ್ರ ಹಿಂಬಾಲಿಸಿದೆ. ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದು ಸತ್ತವನು. ಅವನ ಬೆನ್ನಿಗೇ ಇಲಿಗಳು ಕಾಣಿಸಿಕೊಳ್ಳುತ್ತವೆ, ಮನೆಗಳಲ್ಲಿ ಬಿದ್ದು ಸಾಯುತ್ತವೆ. ಅವನ್ನು ಹುಡುಕಿಕೊಂಡು ಹದ್ದುಗಳು ಬಂದು ಮಾಡಿನ ಮೇಲೆ ಕೂರುತ್ತವೆ. ಅಗ್ರಹಾರದವರು ಜಾಗಟೆ ಬಡಿದು ಶಂಖ ಊದಿ ಹದ್ದನ್ನು ಓಡಿಸುತ್ತಾರೆ. ನಾತ ಬಂದರೆ ಮೊದಲು ನೆನಪಾಗುವುದು ಹೆಣ. ಹದ್ದು ಕೂತರೆ ಅಪಶಕುನ. ಮೇಲುಮೇಲೆ ಸಾವಾದರೆ ಸಂಸ್ಕಾರ ತಪ್ಪಿದ್ದಕ್ಕೆ ಬಂದ ಶಾಪ. ಕಣ್ಣೆದುರಿಗಿರುವ ಪ್ರತಿಯೊಂದಕ್ಕೂ ಅವರು ಇನ್ನೊಂದು ಅರ್ಥ ಹಚ್ಚುತ್ತಾರೆ. ಇಲಿ ಬಿದ್ದಿದೆ ಎಂಬುದನ್ನು ಇಲಿ ಬಿದ್ದಿದೆ ಎಂದಷ್ಟೇ ನೋಡುವ ವ್ಯವಧಾನ ಅವರಿಗಿಲ್ಲ.

ಅಂದರೆ ಪ್ಲೇಗನ್ನು ಮೊಟ್ಟಮೊದಲು ರೂಪಕವಾಗಿ ಓದಿದವರು ಅಗ್ರಹಾರದವರೇ. ಅವರಿಗೆ ಅದು ಧರ್ಮ ಕೆಟ್ಟದ್ದರ ಸಂಕೇತ, ವಿಮರ್ಶೆ ಓದಿ ಬೆಳೆದ ನಮಗೆ ಧರ್ಮವೇ ಕೆಟ್ಟದ್ದೆಂಬುದರ ಸಂಕೇತ. ತೀರ್ಪು ತಿರುವುಮುರುವಾದರೂ ಓದುವ ಕ್ರಮ ಒಂದೇ. ರೋಗವನ್ನು ರೂಪಕವಾಗಿಸುವುದರಿಂದ ರೋಗಿಗೆ ಆಗುವ ಅನ್ಯಾಯದ ಬಗ್ಗೆ ಸೂಸನ್ ಸಾಂಟಾಗ್ 1978ರಲ್ಲೇ ಪುಸ್ತಕ ಬರೆದಿದ್ದಾರೆ. ನಾವೂ ಅದನ್ನು ಸೆಮಿನಾರುಗಳಲ್ಲಿ ಉಲ್ಲೇಖಿಸುತ್ತೇವೆ. ಉಲ್ಲೇಖಿಸಿದ ಮರುಗಳಿಗೆಯಲ್ಲೇ 'ಸಂಸ್ಕಾರ'ದ ಪ್ಲೇಗು ರೂಪಕ ಅನ್ನುತ್ತೇವೆ.

ಇದರಲ್ಲಿ ಕಾದಂಬರಿಯ ಪಾಲೂ ಇದೆ. ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ನೋಡಿದ್ದು ಈ ಕೃತಿಗೆ ಪ್ರೇರಣೆಯಾಯಿತು ಎಂದು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಆ ಚಿತ್ರದಲ್ಲೂ ಪ್ಲೇಗು ಒಬ್ಬ ವ್ಯಕ್ತಿಯ ಆತ್ಮಶೋಧನೆಯ ಹಿನ್ನೆಲೆ. 'ಸಂಸ್ಕಾರ'ದಲ್ಲಿ ಪ್ಲೇಗು ಕಥೆಗೆ ಬೇಕಾದಂತೆ ನಡೆದುಕೊಳ್ಳುತ್ತದೆ. ರೋಗಿಷ್ಠೆ ಭಾಗೀರಥಿ ಸತ್ತು ಪ್ರಾಣೇಶಾಚಾರ್ಯ ಬಿಡುಗಡೆಯಾಗುತ್ತಾನೆ. ದಲಿತ ಕೇರಿಯಲ್ಲಿ ಜನ ಸಾಯುತ್ತಾರೆ, ಹೆಣದೊಂದಿಗೆ ಗುಡಿಸಲಿಗೂ ಬೆಂಕಿ ಬೀಳುತ್ತದೆ. ಆದರೆ ಅದು ಕಥೆಯ ಅಂಚಿನಲ್ಲೇ ನಡೆದು ಮುಗಿಯುತ್ತದೆ. ಆ ಸಾವುಗಳಿಗೆ ಅರ್ಥ ಹುಡುಕಲು ಯಾರೂ ಓಲೆಗರಿ ತಿರುವಿಹಾಕುವುದಿಲ್ಲ.

ಇನ್ನೊಂದು ಸಂಗತಿ ಈ ಓದಿನಲ್ಲಿ ನನ್ನನ್ನು ಬೆಚ್ಚಿಸಿತು. ಹೆಂಡತಿಯನ್ನು ಸುಟ್ಟು ಊರು ಬಿಟ್ಟ ಪ್ರಾಣೇಶಾಚಾರ್ಯ ಮೇಳಿಗೆಯ ಜಾತ್ರೆಯ ಜನಜಂಗುಳಿಯಲ್ಲಿ ಅಲೆಯುತ್ತಾನೆ, ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾನೆ. ಅಲ್ಲಿ ಅವನನ್ನು ಕಾಡುವುದು ಸೂತಕ. ಸೂತಕದವನು ಪಂಕ್ತಿಯಲ್ಲಿ ಕೂತಿದ್ದು ಗೊತ್ತಾದರೆ ಏನು ಗತಿ? ನಾನು ಈ ಭಾಗವನ್ನು ಹತ್ತಾರು ಸಲ ಓದಿದ್ದೇನೆ. ಪ್ರತಿ ಸಲವೂ ನನ್ನ ಆತಂಕವೂ ಅವನದೇ: ಸಿಕ್ಕಿಬೀಳುತ್ತಾನಾ? ಸಾಲು ಸಾಲು ಸಾವುಗಳ ಊರಿನಿಂದ ಬಂದವನೊಬ್ಬ ಜಾತ್ರೆಯಲ್ಲಿ ನಿಂತಿದ್ದಾನೆ ಎಂಬ ಯೋಚನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ಗಡ್ಡೆ ಕಟ್ಟುವ ಪ್ಲೇಗು ಸಾಮಾನ್ಯವಾಗಿ ಚಿಗಟದ ಕಡಿತದಿಂದ ಬರುವಂಥದು, ನಿಜ. ಆದರೆ ಆ ಚಿಗಟ ಬಟ್ಟೆಯಲ್ಲಿ, ಗಂಟಿನಲ್ಲಿ ಸವಾರಿ ಮಾಡಬಲ್ಲದು. ಸೂತಕವನ್ನು ನಂಬದ ನಾನು ಸೂತಕಕ್ಕೆ ಹೆದರಿದೆ. ರೋಗವನ್ನು ನಂಬುವ ನಾನು ಅದನ್ನು ಮರೆತೆ. ಯಾವುದಕ್ಕೆ ಹೆದರಬೇಕು ಎಂಬುದನ್ನು ಕಥೆ ತೀರ್ಮಾನಿಸಿತ್ತು.

ಇದು ಅಪ್ಪನಿಗೂ ಆದದ್ದೇ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ ಹದಿನೇಳು ಮುಕ್ಕಾಲು ಲಕ್ಷದಷ್ಟಿತ್ತು. ವರ್ಷಕ್ಕೆ ಸಾವಿರಕ್ಕೆ ಆರೇಳು ಜನ ಸಾಯುತ್ತಾರೆಂಬ ಸಾಮಾನ್ಯ ಲೆಕ್ಕ ಹಿಡಿದರೆ ವರ್ಷಕ್ಕೆ ಹನ್ನೊಂದು ಹನ್ನೆರಡು ಸಾವಿರ ಸಾವು. ನಲವತ್ತು ದಿನಕ್ಕೆ ಸಾವಿರದ ಇನ್ನೂರರ ಮೇಲೆ. ನಮ್ಮ ದೇಶದಲ್ಲಿ ಸುಮಾರು ನಾಲ್ಕು ಸಾವಿನಲ್ಲಿ ಒಂದು ಹೃದಯ ಮತ್ತು ರಕ್ತನಾಳದ ಕಾಯಿಲೆಯದು. ಹಾಗಾದರೆ ಯಾವ ಸುದ್ದಿಯೂ ಇಲ್ಲದ ಮಾಮೂಲಿ ನಲವತ್ತು ದಿನಗಳಲ್ಲೂ ಆ ಜಿಲ್ಲೆಯಲ್ಲಿ ಇಂಥ ಸಾವುಗಳು ಮುನ್ನೂರರ ಆಸುಪಾಸು ಇರುತ್ತವೆ. ಟಿವಿ ಎಣಿಸಿದ್ದು ಅದರಲ್ಲಿ ಹಿಡಿಯಷ್ಟನ್ನು. ಎಣಿಸಲು ಶುರುಮಾಡಿದ್ದಕ್ಕೇ ಅದು ಹೆಚ್ಚಾದಂತೆ ಕಂಡಿತು.

ಈ ಲೆಕ್ಕವನ್ನು ಫೋನಿನಲ್ಲೇ ಅಪ್ಪನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಅದ್ಸರಿ ಕಣವ್ವ, ಇಪ್ಪತ್ತು ಮೂವತ್ತು ವರ್ಷದ ಹುಡುಗ್ರು ಸತ್ರಲ್ಲ?" ಅಂದರು. ಅದು ಸರಿಯಾದ ಪ್ರಶ್ನೆ. ಸರಾಸರಿಯ ಲೆಕ್ಕ ಅದಕ್ಕೆ ಉತ್ತರವಲ್ಲ. ಆ ಮನೆಗಳಲ್ಲಿ ಅದನ್ನು ಹೇಳುವುದು ಅಮಾನವೀಯವೂ ಹೌದು. ಹದಿನೆಂಟರಿಂದ ನಲವತ್ತೈದು ವಯಸ್ಸಿನವರ ಹಠಾತ್ ಸಾವಿನ ಬಗ್ಗೆ ಐಸಿಎಂಆರ್ 2023ರಲ್ಲೇ ಅಧ್ಯಯನ ಪ್ರಕಟಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಅದರಲ್ಲಿ ಕಂಡುಬರಲಿಲ್ಲ. ಹೆಚ್ಚಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ವಿಪರೀತ ಕುಡಿತ, ಸಾವಿಗೆ ಮುಂಚಿನ ದಿನಗಳ ಅತಿಯಾದ ದೈಹಿಕ ಶ್ರಮ ಇಂಥವು. ಇದನ್ನೂ ಹೇಳಿದೆ. "ಲಸಿಕೆಯಿಂದ ಏನೂ ಆಗಲ್ವೇ ಇಲ್ವಾ ಹಂಗಾದ್ರೆ?" ಅಂದರು.

ಇಲ್ಲಿ ನಾನು ತಡವರಿಸಿದೆ. ಏಕೆಂದರೆ ಆಗುತ್ತದೆ. ಅಪ್ಪ ಹಾಕಿಸಿಕೊಂಡಿದ್ದ ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತಿ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರುವುದು 2021ರಲ್ಲೇ ಗೊತ್ತಾಗಿತ್ತು. ಯುರೋಪಿನ ಲೆಕ್ಕದಲ್ಲಿ ಅದು ಲಕ್ಷಕ್ಕೆ ಒಂದೆರಡು. ಬರುವುದಿದ್ದರೆ ಲಸಿಕೆ ಪಡೆದ ಕೆಲವು ವಾರಗಳ ಒಳಗೇ ಬರುತ್ತದೆ, ನಾಲ್ಕು ವರ್ಷ ಕಾಯುವುದಿಲ್ಲ. 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಕಂಪನಿ ಇದನ್ನು ಒಪ್ಪಿಕೊಂಡಿತೆಂಬ ಸುದ್ದಿ ಬಂದಾಗ ಹಳೆಯ ಸಂಗತಿಯೇ ಹೊಸ ಗುಟ್ಟಿನಂತೆ ಮನೆಮನೆಗೆ ಮುಟ್ಟಿತು.

'ಲಕ್ಷಕ್ಕೊಬ್ಬರು' ಎಂಬ ಮಾತನ್ನು ನಾನು ಸಾಧ್ಯತೆಯ ಅಳತೆಯಾಗಿ ಹೇಳಿದೆ. ಆದರೆ ನಮ್ಮ ಭಾಷೆಯಲ್ಲಿ ಅದು ಹಾಗೆ ಕೇಳಿಸುವುದಿಲ್ಲ. ಲಕ್ಷಕ್ಕೊಬ್ಬ, ಕೋಟಿಗೊಬ್ಬ ಅಂದರೆ ಆಯ್ದ ಮನುಷ್ಯ. ವಿಷ್ಣುವರ್ಧನ್ ಸಿನಿಮಾದ ಹೆಸರೇ 'ಕೋಟಿಗೊಬ್ಬ'. ಕನ್ನಡ ಆ ಒಬ್ಬನನ್ನು ನೋಡುತ್ತದೆ, ಉಳಿದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಜನರನ್ನಲ್ಲ. ಅಪಾಯ, ಗಂಡಾಂತರ, ಕಂಟಕ ಎಂಬ ನಮ್ಮ ಪದಗಳೆಲ್ಲ ಬಂದೇ ಬರುವ ಅಥವಾ ತಪ್ಪಿಹೋದ ಕೇಡಿನ ಹೆಸರುಗಳು. ಬರಬಹುದಾದ, ಬಾರದೆಯೂ ಇರಬಹುದಾದ ಕೇಡನ್ನು ಅಳೆದು ಹೇಳಲು ನಾವು 'ರಿಸ್ಕ್' ಎಂದೇ ಅನ್ನುತ್ತೇವೆ, ಹಳ್ಳಿಯ ಕಟ್ಟೆಯ ಮೇಲೂ. "ಆ ಒಬ್ಬ ನಾನೇ ಆಗಿದ್ರೆ?" ಎಂದು ಅಪ್ಪ ಕೇಳಿದ್ದು ಲೆಕ್ಕ ಬಾರದೆ ಅಲ್ಲ. ಲೆಕ್ಕವನ್ನು ಅವರು ಕಥೆಯಾಗಿ ಕೇಳಿಸಿಕೊಂಡರು.

ಜನರ ಅಜ್ಞಾನವೇ ಎಲ್ಲಕ್ಕೂ ಕಾರಣ ಎಂದುಬಿಡುವುದು ಸುಲಭ. ನಮ್ಮಲ್ಲಿನ ಪ್ಲೇಗಿನ ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರು ತಲುಪಿತು. ರೈಲುನಿಲ್ದಾಣಗಳಲ್ಲಿ ಹೆಂಗಸರ ಕಂಕುಳು ಮುಟ್ಟಿ ತಪಾಸಣೆ, ಮನೆಯೊಳಗೆ ನುಗ್ಗಿ ಸಾಮಾನು ಸುಡುವುದು, ರೋಗಿಗಳನ್ನು ಬಲವಂತದಿಂದ ಒಯ್ಯುವುದು ನಡೆಯಿತು. ಅದೇ ವರ್ಷ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನ ದಂಗೆಯೆದ್ದರು. ಹಾಫ್ಕಿನ್ ಕಂಡುಹಿಡಿದ ಲಸಿಕೆಗೂ ಜನ ಹೆದರಿದರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ ಹತ್ತೊಂಬತ್ತು ಜನ ಧನುರ್ವಾಯುವಿನಿಂದ ಸತ್ತಾಗ ಆ ಭಯ ಸುಳ್ಳೆಂದು ಹೇಳುವವರು ಯಾರು? ತಪ್ಪು ಹಾಫ್ಕಿನ್‌ದಲ್ಲ ಎಂದು ಸ್ಪಷ್ಟವಾಗಲು ವರ್ಷಗಳೇ ಹಿಡಿದವು.

ಇನ್ನೂ ಒಂದು ಮಾತು. ಚಿಗಟವೇ ಇಲಿಯಿಂದ ಮನುಷ್ಯನಿಗೆ ಪ್ಲೇಗು ದಾಟಿಸುತ್ತದೆಂದು ಫ್ರೆಂಚ್ ವೈದ್ಯ ಸಿಮೋಂಡ್ 1898ರಲ್ಲೇ ತೋರಿಸಿದ್ದ. ಅದೇ ವರ್ಷ ನೇಮಕವಾದ ಭಾರತದ ಪ್ಲೇಗ್ ಆಯೋಗ ಅವನ ಪ್ರಯೋಗಗಳನ್ನು ಒಪ್ಪಲಿಲ್ಲ. ಆದರೆ ನಮ್ಮ ಹಳ್ಳಿಯವರು ಇಲಿ ಬಿದ್ದರೆ ಊರು ಬಿಡಬೇಕು ಎಂಬುದನ್ನು ಪಾಠವಾಗಿ ಕಲಿತಿದ್ದರು. ಎಸ್.ಎಲ್. ಭೈರಪ್ಪನವರ 'ಗೃಹಭಂಗ'ದಲ್ಲಿ ಪ್ಲೇಗು ಬಂದಾಗ ಜನ ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಾರೆ. ಅವರಿಗೂ ಮಾರಿಯ ಭಯವಿದೆ, ಹರಕೆಯಿದೆ. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿ ಈಗಲೂ ಇದೆ. ಆದರೆ ಹರಕೆ ಹೊತ್ತುಕೊಂಡೇ ಅವರು ಗಂಟುಮೂಟೆಯನ್ನೂ ಕಟ್ಟಿದರು. ಪ್ಲೇಗಿಗೆ ತಾಯಿಯನ್ನೇ ಕಳೆದುಕೊಂಡಿದ್ದ ಭೈರಪ್ಪನವರು ಈ ಭಾಗವನ್ನು ಯಾವ ರೂಪಕಕ್ಕೂ ಒಗ್ಗಿಸದೆ ಬರೆದಿದ್ದಾರೆ. ಮದುವೆಯಾದ ಮಗಳು ಪಾರ್ವತಿ, ಅವಳ ತಮ್ಮ ರಾಮಣ್ಣ ಇಬ್ಬರೂ ಹೋಗುತ್ತಾರೆ. ಏಕೆ ಅವರೇ ಎಂಬುದಕ್ಕೆ ಕಾದಂಬರಿ ಕಾರಣ ಕೊಡುವುದಿಲ್ಲ. ಓದುಗರಾಗಿ ನಮಗೆ ಅದನ್ನು ತಾಳಿಕೊಳ್ಳುವುದು ಕಷ್ಟ, ಏಕೆಂದರೆ ನಮಗೆ ಕಾರಣ ಬೇಕು. ಸಾಧ್ಯತೆಯ ಲೆಕ್ಕ ಹೇಳುವುದೂ ಇದನ್ನೇ: ನೂರರಲ್ಲಿ ಇಷ್ಟು ಜನ ಸಾಯುತ್ತಾರೆ ಎನ್ನಬಹುದು, ಯಾರು ಎನ್ನಲಾಗದು.

'ಸಂಸ್ಕಾರ'ಕ್ಕೆ ವಾಪಸ್ಸು ಬರುತ್ತೇನೆ. ಪತ್ರಿಕೆ ಓದುವ ಪಾರಿಜಾತಪುರದ ಮಂಜಯ್ಯನಿಗೆ ಇದು ಶಿವಮೊಗ್ಗದ ಪ್ಲೇಗು ಎಂದು ಹೊಳೆಯುತ್ತದೆ. ಅಪ್ಪನ ಜೊತೆ ಮಾತಾಡುವಾಗ ನಾನು ನನ್ನನ್ನು ಮಂಜಯ್ಯನ ಜಾಗದಲ್ಲಿ ಇಟ್ಟುಕೊಂಡಿದ್ದೆ: ಓದಿದವಳು, ಗೊತ್ತಿರುವವಳು. ಆದರೆ ಕಾದಂಬರಿಯ ನಡುವೆ ಇರುವುದು ಗೊತ್ತಿರುವವನಲ್ಲ, ಗೊತ್ತಾಗಲಿ ಎಂದು ಕಾಯುವವನು. ಪ್ರಾಣೇಶಾಚಾರ್ಯ ಓಲೆಗರಿಗಳಲ್ಲಿ ಖಚಿತವಾದ ಉತ್ತರ ಹುಡುಕುತ್ತಾನೆ. ಸಿಗದಿದ್ದಾಗ ಮಾರುತಿಯ ಗುಡಿಯಲ್ಲಿ ಕೂತು ಬಲಕ್ಕೋ ಎಡಕ್ಕೋ ಪ್ರಸಾದದ ಹೂವು ಬೀಳಲೆಂದು ಕಾಯುತ್ತಾನೆ. ಹೂವು ಬೀಳುವುದಿಲ್ಲ. ಅಗ್ರಹಾರವಿಡೀ ಅವನ ಬಾಯಿ ನೋಡುತ್ತಾ ಉಪವಾಸ ಕೂತಿದೆ. ಖಚಿತತೆ ಸಿಗುವವರೆಗೆ ಏನೂ ಮಾಡುವುದಿಲ್ಲವೆಂಬ ಆ ಹಟವೇ ಅವರ ಪಾಲಿನ ದೊಡ್ಡ ಅಪಾಯ. ಕೊನೆಗೆ ಚಂದ್ರಿ ರಾತ್ರೋರಾತ್ರಿ ಒಬ್ಬ ಮುಸಲ್ಮಾನನ ನೆರವಿನಿಂದ ಹೆಣ ಸಾಗಿಸಿ ಸುಟ್ಟು ಬರುತ್ತಾಳೆ. ಅವಳಿಗೆ ಪ್ಲೇಗಿನ ಅರಿವಿಲ್ಲ, ಧರ್ಮಶಾಸ್ತ್ರದ ಅಪ್ಪಣೆಯೂ ಇಲ್ಲ. ತನ್ನವನ ಹೆಣ ಕೊಳೆಯುತ್ತಿದೆ ಎಂಬುದಷ್ಟು ಗೊತ್ತಿದೆ. ತಿಳಿದಷ್ಟರಲ್ಲೇ ಆಗಬೇಕಾದ್ದನ್ನು ಮಾಡಿದವಳು ಈ ಕಾದಂಬರಿಯಲ್ಲಿ ಅವಳೊಬ್ಬಳೇ.

ನಾನು 2021ರಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಆ ಏಪ್ರಿಲ್ಲಿನಲ್ಲಿ ನಲವತ್ತೈದು ದಾಟಿದವರಿಗೆಲ್ಲ ಲಸಿಕೆ ತೆರೆದಾಗ ಅಪ್ಪ ಹಿಂದೆಮುಂದೆ ನೋಡಿದರು. "ಏನೂ ಆಗಲ್ಲ ಅಪ್ಪಾಜಿ, ನನ್ನ ಮಾತು ನಂಬಿ" ಎಂದು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಹಾಕಿಸಿದ್ದು ತಪ್ಪಲ್ಲ. ಆ ದಿನಗಳಲ್ಲಿ ನಮ್ಮ ಬೀದಿಯಲ್ಲೇ ಸಾವುಗಳಾಗುತ್ತಿದ್ದವು, ಲಸಿಕೆಯ ಅಪಾಯ ರೋಗದ ಅಪಾಯದ ಮುಂದೆ ಏನೂ ಅಲ್ಲ. ಆದರೆ 'ಏನೂ ಆಗಲ್ಲ' ಎಂಬುದು ಲೆಕ್ಕದ ಮಾತಲ್ಲ, ಅಭಯಹಸ್ತದ ಮಾತು. ಪ್ರಚಾರದ ಫಲಕಗಳೂ ಆಗ ಇದನ್ನೇ ಹೇಳುತ್ತಿದ್ದವು. ಮಾರುತಿ ಕೊಡದ ಖಚಿತತೆಯನ್ನು ನಾನು ಕೊಟ್ಟಿದ್ದೆ. 2024ರ ಸುದ್ದಿ ಬಂದ ದಿನ ಅಪ್ಪನಿಗೆ ಲಕ್ಷಕ್ಕೊಂದರ ಅಪಾಯ ತಿಳಿಯಿತು ಎನ್ನುವುದಕ್ಕಿಂತ ಮಗಳು ಸುಳ್ಳು ಹೇಳಿದ್ದು ತಿಳಿಯಿತು ಎನ್ನುವುದು ಸರಿ. ಆಮೇಲೆ ನಾನು ಹೇಳಿದ ನಿಜವೂ ಅದರ ಸಾಲಿಗೇ ಸೇರಿತು.

ಅಂದು ಮಧ್ಯಾಹ್ನ ಮೂರಕ್ಕೆ ಅಪ್ಪನ ಸರದಿ ಬಂತು. ಇಸಿಜಿ ಸರಿಯಿತ್ತು. ರಕ್ತದೊತ್ತಡ ಮಾತ್ರ ಬಹಳ ಏರಿತ್ತು. ಮಾತ್ರೆಗೆ ಒಗ್ಗಿಕೊಂಡರೆ ಬಿಡೋಕಾಗಲ್ಲ ಎಂದು ಅವರು ಎರಡು ವರ್ಷದಿಂದ ಬಿಪಿ ಮಾತ್ರೆ ನಿಲ್ಲಿಸಿದ್ದರಂತೆ. ನಮಗ್ಯಾರಿಗೂ ಗೊತ್ತಿರಲಿಲ್ಲ. ಆ ಭಯವಿಲ್ಲದಿದ್ದರೆ ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ಇದು ತಿಳಿಯುತ್ತಲೂ ಇರಲಿಲ್ಲ. ತಪ್ಪು ಭಯವೊಂದು ಸರಿಯಾದ ಬಾಗಿಲಿಗೆ ತಂದು ನಿಲ್ಲಿಸಿತು ಎನ್ನಬಹುದು. ಆದರೆ ಅದನ್ನೊಂದು ನೀತಿಯಾಗಿ ಹೇಳಲು ನನಗೆ ಧೈರ್ಯವಿಲ್ಲ. ಅದೇ ಸಾಲಿನಲ್ಲಿ ನಿಜವಾದ ಎದೆನೋವಿನವರು ಎಷ್ಟು ಹೊತ್ತು ಕಾದರೋ.

ಸಂಜೆ ಮತ್ತೆ ಫೋನ್ ಮಾಡಿದೆ. 2021ರಲ್ಲಿ ಹಾಗೆ ಹೇಳಬಾರದಿತ್ತು, ತೊಂದರೆ ಆಗುವ ಸಾಧ್ಯತೆ ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ, ಹಾಗೆ ಹೇಳಬೇಕಿತ್ತು ಅಂದೆ. ಸ್ವಲ್ಪ ಯೋಚಿಸಿ, "ಹಂಗೇ ಹೇಳಿದ್ರೆ ಆವತ್ತು ಹಾಕ್ಸ್ಕೊತಾ ಇರ್ಲಿಲ್ಲ ಅನ್ಸುತ್ತೆ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಾತ್ರೆ ಈಗ ತಪ್ಪದೆ ತೆಗೆದುಕೊಳ್ಳುತ್ತಾರೆ. ಇಂಜೆಕ್ಷನ್ನಿನ ಬಗ್ಗೆ ಅನುಮಾನ ಹಾಗೇ ಇದೆ.

ಪ್ರಬಂಧದ ಆ ಅಧ್ಯಾಯದಲ್ಲಿ ಪ್ಲೇಗು ಯಾವುದರ ರೂಪಕ ಎಂದು ವಿವರಿಸುವ ಹನ್ನೆರಡು ಪುಟಗಳಿದ್ದವು. ಅವನ್ನು ತೆಗೆದುಹಾಕಿ, ಇಲಿ ಮೊದಲು ಎಲ್ಲಿ ಬಿತ್ತು, ಯಾರು ಕಂಡರು, ಕಂಡವರು ಏನು ಮಾಡಿದರು ಎಂಬುದರಿಂದ ಬರೆಯತೊಡಗಿದ್ದೇನೆ.